ಫ್ರೀಜರಿನಲ್ಲಿಟ್ಟ ಬಳೆಗಳು

"ಇಸ್ಸೀ! ಇದೇನೇ ಇದು, ಸತ್ತ ಹಲ್ಲಿ ಥರ ಜಾರ್ತಿದೆ!"

ಅತ್ತೆ ಫ್ರಿಜ್ಜಿನ ಮೇಲಿನ ಖಾನೆಯಿಂದ ಎಳೆದ ಪ್ಲಾಸ್ಟಿಕ್ ಚೀಲವನ್ನು ಎರಡೇ ಬೆರಳಲ್ಲಿ ತೂಗಾಡಿಸುತ್ತ ನಿಂತಿದ್ದಳು. ನಡುಮನೆಯಲ್ಲಿ ಹೆಣ ಮಲಗಿತ್ತು. ಸತ್ತವನ ಭಾವಮೈದುನನಿಗೆ, ಅಂದರೆ ಅವಳ ಗಂಡನಿಗೆ, ತಣ್ಣೀರು ಬೇಕಾಗಿತ್ತು. ಬರೀ ತಣ್ಣೀರಲ್ಲ, ಮಂಜುಗಡ್ಡೆ ಹಾಕಿದ್ದು.

ಸತ್ತವನ ಮಗಳು ಚೀಲವನ್ನು ಇಸಿದುಕೊಂಡಳು. ಒಳಗೆ ಎರಡು ಉಕ್ಕಿನ ಬಳೆ, ಒಂದು ದೊಡ್ಡದು, ಒಂದು ಚಿಕ್ಕದು. ಮೈಮೇಲೆ ಎಣ್ಣೆ, ಎಣ್ಣೆಯ ಮೇಲೆ ಬಿಳಿ ಮಂಜು.

"ಅಪ್ಪ ಇಟ್ಟಿದ್ದು ಅತ್ತೆ. ನಿಮ್ಮ ಕಾರಿಂದೇ. ಹಿಂದಿನ ಚಕ್ರದ ಬೇರಿಂಗಿನ ಹೊರಬಳೆ."

"ಬಟಾಣಿ ಪಕ್ಕ ಇಟ್ಟಿದ್ದಾರಲ್ಲೇ! ಬೆಳಗ್ಗೆಯಿಂದ ಇದೇ ಫ್ರಿಜ್ಜಿನ ನೀರು ಕುಡೀತಿದೀನಿ ನಾನು!" ಅತ್ತೆ ಕೈ ಮೂಸಿಕೊಂಡು ನಲ್ಲಿಯತ್ತ ಓಡಿದಳು. ಆಮೇಲೆ ನೆನಪಾದವಳಂತೆ ಮುಖ ಇಳಿಬಿಟ್ಟು, "ಪಾಪ, ಚಿನ್ನದಂಥ ಮನುಷ್ಯ," ಅಂದಳು.

ಬೆಳಗ್ಗೆಯಿಂದ ಇದು ಎಷ್ಟನೆಯ ಚಿನ್ನವೋ. ಮಗಳು ಚೀಲವನ್ನು ಮತ್ತೆ ಬಟಾಣಿ ಪಕ್ಕವೇ ಇಟ್ಟಳು. ಮನೆ ಮನೆಗೆ ಹೋಗಿ ನೀರಿನ ಮೀಟರು ಓದುತ್ತಿದ್ದ ಅಪ್ಪನಿಗೆ ಸ್ವಂತಕ್ಕೆ ಇದ್ದದ್ದು ಒಂದು ಸೈಕಲ್ಲು. ರಜೆ ಬಂತೆಂದರೆ ಮಾತ್ರ ಬಳಗದವರ ಕಾರುಗಳೆಲ್ಲ ಈ ಅಂಗಳಕ್ಕೆ ಬರುತ್ತಿದ್ದವು. ಕೀಲಿಕೈ ಕೊಟ್ಟು, ಕಾಫಿ ಕುಡಿದು, ಅಪ್ಪನ ಬೆನ್ನು ತಟ್ಟದೆ ಹೋಗುತ್ತಿದ್ದರು. ತಟ್ಟಿದರೆ ಕೈಗೆ ಗ್ರೀಸು ಅಂಟುತ್ತಿತ್ತಲ್ಲ.

ನಡುಮನೆಯಲ್ಲಿ ಆ ಗ್ರೀಸು ತೆಗೆಯುವ ಕೆಲಸವೂ ಆಗಿತ್ತು. ಸೀಮೆಎಣ್ಣೆಯಲ್ಲಿ ಹಳೇ ಹಲ್ಲುಜ್ಜುವ ಬ್ರಶ್ಶು ಅದ್ದಿ, ಅತ್ತೆ ಹೆಣದ ಉಗುರುಗಳನ್ನು ಉಜ್ಜಿದ್ದಳು. "ಹೀಗೇ ಕಳಿಸೋಕಾಗುತ್ತಾ? ನಾಲ್ಕು ಜನ ನೋಡ್ತಾರೆ." ಹತ್ತು ಉಗುರಿನ ಸಂದಿಯ ಕಪ್ಪು ಮಾತ್ರ ಕದಲಿರಲಿಲ್ಲ. ಕೊನೆಗೆ ಕೈಗಳ ಮೇಲೆ ಹೂ ಸುರಿದು ಮುಚ್ಚಿದ್ದರು. ಹೂವಿಗೂ ಸೀಮೆಎಣ್ಣೆಯ ವಾಸನೆ ಹತ್ತಿತ್ತು.

ಹೊರಗೆ ಶವದ ವ್ಯಾನಿನ ಡ್ರೈವರು ಗೇಟಿನಲ್ಲಿ ನಿಂತು ತಲೆಯಾಡಿಸುತ್ತಿದ್ದ. "ಮುಂದಿನಿಂದ ಆಗಲ್ಲ ಸಾರ್. ಕಾರು ಅಡ್ಡ ನಿಂತಿದೆ. ಗೋಡೆ ಪಕ್ಕ ಒಬ್ಬರು ನುಸುಳಬಹುದು, ನಾಲ್ಕು ಜನ ಹೊತ್ಕೊಂಡು ಬರೋಕೆ ಆಗುತ್ತಾ?"

ಕಾರಿನ ಎಡ ಹಿಂಬದಿ ಜಾಕಿನ ಮೇಲಿತ್ತು. ಬಲಚಕ್ರದ ಕೆಲಸ ನಿನ್ನೆಯೇ ಮುಗಿದಿತ್ತು. ಎಡಚಕ್ರವಿರಬೇಕಾದ ಕಡೆ ಬೋಳು ಕಬ್ಬಿಣದ ಮೋಟು ಚಾಚಿಕೊಂಡಿತ್ತು. ಬಿಚ್ಚಿಟ್ಟ ಬ್ರೇಕ್ ಡ್ರಮ್ಮು, ಚಕ್ರವನ್ನು ಹೊರುವಂಥದ್ದು, ಪೇಪರಿನ ಮೇಲೆ ಬೋರಲಾಗಿತ್ತು. ನಿನ್ನೆ ರಾತ್ರಿ ಅದರ ಪಕ್ಕದಲ್ಲೇ ಅಪ್ಪ ಗೋಡೆಗೊರಗಿ ಕೂತಿದ್ದ. "ಕೊಳಕಲ್ಲೇ ಕೂತು ನಿದ್ದೆ ಹೊಡೀತೀರಲ್ರೀ," ಎಂದು ಅಮ್ಮ ಎರಡು ಸಲ ಬೈದಿದ್ದಳು. ಮೂರನೆಯ ಸಲ ಬೈಯಲು ಹತ್ತಿರ ಹೋಗಿದ್ದಳು.

"ಹಿಂದಿನಿಂದ ತೆಗೆಯೋಣ ಬಿಡಪ್ಪಾ," ಅಂದ ಸೋದರಮಾವ, ಅತ್ತೆಯ ಗಂಡ. "ಬಚ್ಚಲ ಪಕ್ಕದಲ್ಲಿ ಬಾಗಿಲಿದೆ, ಆಚೆ ಚರಂಡಿ ಓಣಿ. ಭಾವನಿಗೆ ಆ ದಾರಿ ಅಭ್ಯಾಸವೇ. ಯಾವತ್ತೂ ಅಲ್ಲೇ ಬರ್ತಿದ್ರು." ಆಮೇಲೆ ದನಿ ತಗ್ಗಿಸಿ ಮಗಳ ಕಡೆ ಬಗ್ಗಿದ. "ಅಲ್ಲಮ್ಮಾ, ಈ ಎಡಗಡೇದು ಎಷ್ಟೊತ್ತಿನ ಕೆಲಸ ಅಂತ ಏನಾದ್ರೂ ಹೇಳಿದ್ರಾ?"

ಅವನ ಬಾಯಿಯ ಏಲಕ್ಕಿ ವಾಸನೆ ಅವಳ ಮೂಗಿಗೆ ಹೊಡೆಯಿತು. ಅವನ ಹೆಗಲಿಗೇ ವಾಂತಿ ಮಾಡಿಬಿಡಬೇಕು ಅನ್ನಿಸಿತು.

* * *

ಒಂಬತ್ತು ವರ್ಷಕ್ಕೆ ಅವಳ ಹೆಸರು ಟಾರ್ಚು.

"ಏ ಟಾರ್ಚು, ಬೆಳಕು ಇಲ್ಲಿ ಬಿಡೇ. ನನ್ನ ಮೂಗಿಗೆ ಬೇರಿಂಗ್ ಹಾಕ್ತಿಲ್ಲ."

ಕಾರಿನಡಿ ಅಪ್ಪ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಅವಳು. ಏಳು ಸಮುದ್ರದಾಚೆಯ ರಾಕ್ಷಸನ ಜೀವ ಗಿಳಿಯಲ್ಲಿ ಇರುವಂತೆ, ಕಾರಿನ ಜೀವ ಈ ಪುಟ್ಟ ಗುಂಡುಗಳಲ್ಲಿ ಇದೆ ಎಂದು ಅವನು ಹೇಳುತ್ತಿದ್ದ. ಗುಂಡು ಸವೆದರೆ ರಾಕ್ಷಸ ಗೊರಗೊರ ಅನ್ನುತ್ತಾನೆ. ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಆಚೆ ಬದಿಯಿಂದ ಗ್ರೀಸು ಹುಳುವಿನಂತೆ ಇಣುಕುವ ತನಕ ಊಡುತ್ತಿದ್ದ.

"ಬಳೆ ಯಾಕಪ್ಪಾ ಫ್ರಿಜ್ಜಲ್ಲಿ?"

"ಚಳಿಗೆ ನೀನು ಕಂಬಳಿಯೊಳಗೆ ಮುದುರ್ಕೊಳ್ಳಲ್ವಾ? ಅದೂ ಮುದುರ್ಕೊಳ್ಳುತ್ತೆ. ಡ್ರಮ್ಮಿಗೆ ಬಿಸಿ, ಬಳೆಗೆ ಚಳಿ. ಆಗ ಜಗಳ ಇಲ್ದೆ ಒಳಗೆ ಹೋಗುತ್ತೆ."

ಹನ್ನೆರಡನೆಯ ವಯಸ್ಸಿಗೆ, ಶಾಲೆಯಲ್ಲಿ ಪಕ್ಕದ ಹುಡುಗಿ ಗ್ರೀಸು ವಾಸನೆ ಎಂದು ಮೂಗು ಹಿಡಿದುಕೊಂಡು ಬೇರೆ ಬೆಂಚಿಗೆ ಹೋದಳು. ಅವತ್ತು ಸಂಜೆ ಅಪ್ಪ ಎಂದಿನಂತೆ ಕರೆದ. ಮುಂಬಾಗಿಲಲ್ಲಿ ನಿಂತಿದ್ದ, ಎರಡೂ ಕೈ ಕಪ್ಪು.

"ನಾನು ಬರಲ್ಲ. ಒಳಗೂ ಬರಬೇಡ ನೀನು. ನಿನ್ನ ಕೈ ಕಂಡ್ರೆ ನಂಗೆ ಹೇಸಿಗೆ."

ಅಪ್ಪ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ, ಬೇರೆ ಯಾರದ್ದೋ ಕೈ ಎಂಬಂತೆ. ಮನೆಯನ್ನು ಸುತ್ತುಹಾಕಿ ಹಿಂಬಾಗಿಲಿಂದ ಬಂದ. ಮರುದಿನ ಅಮ್ಮ ಅಲ್ಲಿ ಒಂದು ಮೊಳೆ ಹೊಡೆದು ಬೇರೆ ಟವೆಲ್ಲು ಹಾಕಿದಳು, ಕೆಂಪು ಸೋಪು ಇಟ್ಟಳು. ಅಲ್ಲಿಂದ ಹದಿನಾಲ್ಕು ವರ್ಷ ಅವನು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೆಲಸ ಮಾಡಿದ. ಮುಂಬಾಗಿಲಿಂದ ಬರಲಿಲ್ಲ.

* * *

"ಹಿಂಬಾಗಿಲಿಂದ ಬೇಡ," ಅಂದಳು ಮಗಳು. "ಮುಂದಿನಿಂದಲೇ ಹೋಗಬೇಕು ಅಪ್ಪ."

"ಹೋಗಲಿ ತಾಯಿ, ಕಾರು ಎತ್ತಿಡ್ತೀಯಾ? ಸುಮ್ನೆ ಆ ಚಕ್ರ ಸಿಕ್ಕಿಸಿ ತಳ್ಳಿಬಿಡೋಣ ಅಂದ್ರೆ..."

"ಡ್ರಮ್ಮಿಲ್ದೆ ಚಕ್ರ ಯಾವುದಕ್ಕೆ ಸಿಕ್ಕಿಸ್ತೀರಿ ಮಾವ?"

"ಮತ್ತೆ ಮೆಕ್ಯಾನಿಕ್ಕು ಯಾರನ್ನಾದ್ರೂ..."

"ಭಾನುವಾರ ಕರೆದ ತಕ್ಷಣ ಬರೋ ಮೆಕ್ಯಾನಿಕ್ಕು ಇದ್ದಿದ್ರೆ ನೀವು ಯಾಕೆ ಇಲ್ಲಿಗೆ ತರ್ತಿದ್ರಿ?"

ವ್ಯಾನಿನವನು ಗಡಿಯಾರ ನೋಡಿಕೊಂಡ. "ಮುಕ್ಕಾಲು ಗಂಟೆ ಅಕ್ಕಾ. ಅದಕ್ಕಿಂತ ಜಾಸ್ತಿ ಕೇಳಬೇಡಿ."

ಅವಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಡ್ರಮ್ಮಿನ ಮುಂದೆ ಕೂತಳು. ಹಳೇ ಬಳೆಗಳನ್ನು ಅಪ್ಪ ಆಗಲೇ ಹೊಡೆದು ತೆಗೆದಿದ್ದ. ಡ್ರಮ್ಮಿಗೆ ಏನು ಮಾಡುತ್ತಿದ್ದ? ಬಿಸಿ, ಸರಿ, ಹೇಗೆ ಬಿಸಿ? ತಲೆಯೆತ್ತಿದರೆ ಅಮ್ಮ ನಿಂತಿದ್ದಾಳೆ, ಹಾಲು ಕಾಯಿಸುವ ಪಾತ್ರೆಯಲ್ಲಿ ಕುದಿನೀರು.

"ಹತ್ತು ನಿಮಿಷ ಇದರಲ್ಲಿ ನೆನೆಸ್ತಿದ್ರು," ಅಂದಳು ಅಮ್ಮ. "ನಾನು ಬೈತಿದ್ದೆ. ಅದಕ್ಕೇ ಹಿಂಬಾಗಿಲಲ್ಲಿ ಕದ್ದು ಒಯ್ತಿದ್ರು." ಡ್ರಮ್ಮನ್ನು ಬಕೆಟ್ಟಿನಲ್ಲಿಟ್ಟು ಅದರ ಮೇಲೆ ಅವಳೇ ನೀರು ಸುರಿದಳು.

ಹತ್ತು ನಿಮಿಷ ಕಳೆದ ಮೇಲೆ ಮಗಳು ಅದನ್ನು ಒರೆಸಿ ಒಣಗಿಸಿ, ಫ್ರೀಜರಿನಿಂದ ತಂದ ತಣ್ಣನೆಯ ಬಳೆಯನ್ನು ಬಿಸಿ ಕುಳಿಯ ಬಾಯಿಗೆ ಇಟ್ಟಳು. ಹೊಸ ಬಳೆಯ ಮೇಲೆ ಹಳೇ ಬಳೆ ಇಟ್ಟು ಹಳೆಯದರ ತಲೆಗೆ ಹೊಡೆಯಬೇಕು. ಹೊಸದಕ್ಕೆ ಏಟು ತಾಗಬಾರದು. ಟಣ್, ಟಣ್ ಎನ್ನುತ್ತಿದ್ದ ಸುತ್ತಿಗೆಯ ಸದ್ದು ಒಮ್ಮೆಲೇ ಟಕ್ ಎಂದು ಮೊಂಡಾಯಿತು. ಕೂತಿತು. ಇನ್ನೊಂದೂ ಕೂತಿತು.

ಆಮೇಲೆ ಗ್ರೀಸಿನ ಡಬ್ಬಿ. ಮೇಲೆ ಅಪ್ಪ ನಿನ್ನೆ ತೋಡಿದ ನಾಲ್ಕು ಬೆರಳಿನ ಗುರುತು ಹಾಗೇ ಇತ್ತು. ಅವಳು ಅದೇ ಜಾಗದಲ್ಲಿ ಕೈ ಅದ್ದಿದಳು. ಲೋಳೆ, ತಣ್ಣಗೆ, ಉಗುರಿನೊಳಗೆ ನುಗ್ಗುವಂಥದ್ದು. ಮೈ ಜುಮ್ಮೆಂದು ಗಂಟಲಿಗೆ ಹುಳಿ ಬಂತು. ನುಂಗಿಕೊಂಡು ಅಂಗೈ ತುಂಬ ತೆಗೆದು, ಬೇರಿಂಗನ್ನು ಒತ್ತತೊಡಗಿದಳು. ಹುಳು ಇಣುಕಿತು.

"ಹುಷಾರಮ್ಮಾ, ಪೇಂಟಿಗೆ ತಾಗೀತು," ಅಂದ ಮಾವ.

ಡ್ರಮ್ಮು ಏರಿಸಿ, ತಿರುಗಿಸುತ್ತ ನಟ್ಟು ಬಿಗಿದಳು. ಅದು ಮುನಿಸಿಕೊಂಡು ಬಿಗಿಯಾದ ಮೇಲೆ ಒಂಚೂರು ಬಿಟ್ಟಳು. ಉಸಿರಾಡಲಿ, ಅನ್ನುತ್ತಿದ್ದ ಅಪ್ಪ. ಪಿನ್ನು, ಟೋಪಿ, ಚಕ್ರ. ಜಾಕು ಇಳಿಯಿತು. ವ್ಯಾನಿನವನೂ ಬಂದು ಕೈ ಹಾಕಿ ತಳ್ಳಿದ. ಕಾರು ಗೇಟು ದಾಟಿ ಬೀದಿಗೆ ಹೋಯಿತು.

ನಾಲ್ಕು ಜನ ಅಪ್ಪನನ್ನು ಮುಂಬಾಗಿಲಿಂದ ತಂದರು. ಹೊಸಿಲು ದಾಟುವಾಗ ಅಲುಗಾಡಿ, ಹೂ ಜಾರಿ, ಕೈಗಳು ಕಂಡವು. ಅತ್ತೆ ಮುಚ್ಚಲು ಮುಂದೆ ಬಂದಳು. ಅಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು.

ಅಮ್ಮ ವ್ಯಾನು ಹತ್ತಿದಳು. ಮಗಳಿಗೆ ಮಾವನ ಕಾರು.

"ಕೈ ತೊಳ್ಕೊಳ್ಳೇ. ಹಿಂದೆ ಕೆಂಪು ಸೋಪಿದೆಯಲ್ಲ," ಅಂದಳು ಅತ್ತೆ.

"ಹೊತ್ತಾಯ್ತು," ಅಂದಳು ಮಗಳು.

ಮಾವ ಹಿಂದಿನ ಸೀಟಿನ ಮೇಲೆ ಪೇಪರು ಹಾಸುತ್ತಿದ್ದ, ಒಂದರ ಮೇಲೊಂದು, ಅಂಚು ಸರಿಮಾಡಿ. "ತಪ್ಪು ತಿಳೀಬೇಡಮ್ಮಾ. ಹೊಸ ಕವರು. ಭಾವನಿಗೂ ಹೀಗೇ ಹಾಸ್ತಿದ್ದೆ. ಅವರೇನೂ ಅಂದ್ಕೊಳ್ತಿರಲಿಲ್ಲ."

ಅವಳು ಪೇಪರುಗಳನ್ನು ಎತ್ತಿ, ನಾಲ್ಕಾಗಿ ಮಡಚಿ, ಮುಂದೆ ಕೂತಿದ್ದ ಅತ್ತೆಯ ಮಡಿಲಿಗಿಟ್ಟಳು. ಹಾಲುಬಿಳಿಯ ಸೀಟಿನ ನಡುವೆ ಕೂತಳು. ಎರಡೂ ಅಂಗೈಗಳನ್ನು ಎರಡು ಪಕ್ಕಕ್ಕೂ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಊರಿದಳು.

ಮಾವ ಕನ್ನಡಿಯನ್ನು ಹಿಂದಿನ ಸೀಟಿನತ್ತ ತಿರುಗಿಸಿ ನೋಡಿ, ಕೀಲಿ ತಿರುವಿದ. ಕಾರು ಹೊರಟಿತು. ಬೀದಿಯ ಕೊನೆಯ ತಿರುವಿನ ತನಕ ಹಿಂದಿನ ಚಕ್ರಗಳಿಂದ ಒಂದು ಸದ್ದೂ ಬರಲಿಲ್ಲ.