ಸೋದರತ್ತೆಯ ಸ್ಕಾರ್ಫು

ನಮ್ಮ ಬ್ಯೂಟಿ ಪಾರ್ಲರಿನಲ್ಲಿ ಕೆಲಸದವರ ಕೂದಲೇ ಅಂಗಡಿಯ ಬೋರ್ಡು. ಬಾಗಿಲು ತೆಗೆಯುವ ಹೊತ್ತಿಗೆ ನಮ್ಮ ನಾಲ್ವರ ತಲೆಯೂ ಇಸ್ತ್ರಿ ಹೊಡೆದಷ್ಟು ನೆಟ್ಟಗಿರಬೇಕು ಎಂಬುದು ಮಾಲಕಿ ಮೇಡಂ ಕಟ್ಟಪ್ಪಣೆ. ನನ್ನದೋ ಹುಟ್ಟು ಗುಂಗುರು. ಬೆಳಿಗ್ಗೆ ಒಂದು ಗಂಟೆ ಎಳೆದು ನೆಟ್ಟಗೆ ಮಾಡಿದ್ದು ನಾಲ್ಕು ಹನಿ ಬಿದ್ದರೆ ಮತ್ತೆ ಸುರುಳಿ. ಅದಕ್ಕೇ ಮಳೆಗಾಲವಿಡೀ ಸೋದರತ್ತೆಯ ರೇಷ್ಮೆ ಸ್ಕಾರ್ಫ್ ಕಟ್ಟಿಕೊಂಡು ಬರುತ್ತೇನೆ. ಅತ್ತೆ ಟೆಲಿಫೋನ್ ಆಪರೇಟರ್ ಆಗಿದ್ದ ಕಾಲದ್ದು. ನಲವತ್ತು ವರ್ಷವಾದರೂ ಅದರ ಹಳದಿ ಮಂಕಾಗಿಲ್ಲ. ಅತ್ತೆಯ ಬಾಯೂ ಅಷ್ಟೇ.

"ಅಜ್ಜಿ ಕಾಲದ ಬಟ್ಟೆ ನೋಡಿ ಗಿರಾಕಿಗಳು ಏನಂದ್ಕೋತಾರೆ?" ಎಂದು ಮೇಡಂ ಎಲ್ಲರಿಗೂ ಅಂಗಡಿ ಹೆಸರಿನ ಗುಲಾಬಿ ಕೊಡೆ ಹಂಚಿದರು. ಎರಚಲು ಮಳೆಗೆ ಕೊಡೆ ಯಾವ ಲೆಕ್ಕ? ಮಾರನೆಯ ದಿನ ಕೊಡೆ ಹಿಡಿದು ಬಂದ ಮೂವರ ತಲೆಯೂ ಕೆದರಿದ ಹತ್ತಿ. ಸ್ಕಾರ್ಫ್ ಬಿಚ್ಚಿದ ನನ್ನ ಕೂದಲು ಮಾತ್ರ ನೆಟ್ಟಗೆ ಇಳಿಯಿತು. ಬೈಗುಳ ಬಿದ್ದದ್ದೂ ನನಗೇ.

"ನಾಳೆ ಇದನ್ನ ಕಟ್ಕೊಂಡು ಬರೋದಾದ್ರೆ ಕೆಲಸಕ್ಕೇ ಬರ್ಬೇಡ."

ಪಿತ್ತ ನೆತ್ತಿಗೇರಿತು. ಒಂಬತ್ತು ವರ್ಷ ನಿಂತು ನಿಂತು ಕಾಲು ಸವೆಸಿದ್ದೇನೆ ಇಲ್ಲಿ. ಆದರೆ ಈ ಕೆಲಸ ಹೋದರೆ ಮನೆ ನಡೆಯುವುದಿಲ್ಲ. ಅದು ಮೇಡಂಗೂ ಗೊತ್ತು. ತುಟಿ ಕಚ್ಚಿಕೊಂಡು ಬಾಚಣಿಗೆ ಹಿಡಿದೆ.

ಮಧ್ಯಾಹ್ನ ಡಾಕ್ಟರಮ್ಮ ಬಂದರು. ಮೇಡಂ ತಲೆ ಮೇಲೆ ಹೊತ್ತು ಮೆರೆಸುವ ಗಿರಾಕಿ. ಸಂಜೆ ಭಾಷಣವಿದೆಯೆಂದು ಎರಡು ಗಂಟೆ ಕೂತು ಕೂದಲು ನೆಟ್ಟಗೆ ಮಾಡಿಸಿಕೊಂಡು ಎದ್ದರೆ, ಹೊರಗೆ ಧೋ ಎಂದು ಮಳೆ. ಕಾರು ರಸ್ತೆಯ ಆಚೆ. ಮೇಡಂ ಓಡಿಬಂದು ಗುಲಾಬಿ ಕೊಡೆ ಬಿಚ್ಚಿದರು. ಗಾಳಿಗೆ ಅದು ಅಲ್ಲೇ ಮಗುಚಿಕೊಂಡಿತು.

ನಾನು ಸ್ಕಾರ್ಫ್ ತಂದು ಡಾಕ್ಟರಮ್ಮನ ಹಣೆಯವರೆಗೆ ಹೊದಿಸಿ, ತುದಿಗಳನ್ನು ಗದ್ದದ ಕೆಳಗೆ ದಾಟಿಸಿ, ಕತ್ತಿನ ಹಿಂದೆ ಗಂಟು ಹಾಕಿದೆ. ಅವರು ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದರು.

"ಎಷ್ಟು ಚೆನ್ನಾಗಿದೆ! ಎಲ್ಲಿ ಸಿಕ್ತು?"

"ನಮ್ಮ ಪಾರ್ಲರ್ ಕಡೆಯಿಂದ ಅಂದ್ಕೊಳ್ಳಿ, ನಿಮಗೇ ಇರ್ಲಿ," ಎಂದು ಮೇಡಂ ಹಲ್ಲು ಬಿಟ್ಟರು.

"ಇಲ್ಲ ಡಾಕ್ಟ್ರೇ, ಅದು ನಮ್ಮತ್ತೇದು," ಎಂದೆ. "ಇದನ್ನ ಕಟ್ಕೊಂಡು ಬಂದ್ರೆ ಕೆಲಸ ಇಲ್ಲ ಅಂದಿದಾರೆ ಮೇಡಂ. ಕಾರ್ ಹತ್ತಿದ್ಮೇಲೆ ಡ್ರೈವರ್ ಕೈಲಿ ವಾಪಸ್ ಕಳಿಸಿಬಿಡಿ."

ಡಾಕ್ಟರಮ್ಮ ಮೇಡಂ ಮುಖವನ್ನೊಮ್ಮೆ ನೋಡಿದರು. ಸ್ಕಾರ್ಫಿನ ಗಂಟು ಬಿಗಿ ಮಾಡಿಕೊಂಡು ಮಳೆಗಿಳಿದರು.

ಡ್ರೈವರ್ ತಂದುಕೊಟ್ಟ ಸ್ಕಾರ್ಫನ್ನು ಕೊಡವಿ, ಗಿರಾಕಿಗಳು ಕೂರುವ ಕುರ್ಚಿಯ ಮೇಲೇ ಹರವಿದೆ. ಮೇಡಂ ಹತ್ತಿರ ಬಂದು ದನಿ ತಗ್ಗಿಸಿದರು.

"ಸರಿ. ಮಳೆ ಬಂದ ದಿನ ಮಾತ್ರ ಕಟ್ಕೋ."

"ಬರದಿದ್ರೂ ಕಟ್ಕೋತೀನಿ."