ಎರಡು ಪಾತ್ರೆ ತೊಗರಿಬೇಳೆ

ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡರೆ ಏನಾಗುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹನ್ನೊಂದು ವರ್ಷದಿಂದ ಅದನ್ನೇ ಹೇಳಿ ಹೊಟ್ಟೆ ಹೊರೆಯುತ್ತಿದ್ದೇನೆ. ಬೀದರಿನ ಮೈಲೂರಿನಿಂದ ಬೆಳಗಿನ ಬಸ್ಸು ಹಿಡಿದು ಔರಾದ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಹೋಗುವುದು, ವಿಜ್ಞಾನ ಕಲಿಸುವುದು, ಸಂಜೆ ಬಸ್ಸಿಗೆ ವಾಪಸು. ಇದರ ಮೇಲೆ ಬಿಸಿಯೂಟದ ಉಸ್ತುವಾರಿಯನ್ನೂ ನನ್ನ ತಲೆಗೇ ಕಟ್ಟಿದ್ದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಅದು ಎರಡು ಸಾವಿರದ ಹದಿನಾರರ ಬರ. ಅರ್ಧ ಊರು ದುಡಿಯಲು ಪುಣೆ, ಹೈದರಾಬಾದ ಸೇರಿತ್ತು. ಅಡುಗೆಯ ಸುಭದ್ರಾಬಾಯಿಯ ಮಗ ಸೊಸೆಯೂ ಹೋಗಿದ್ದರು. ಆಕೆ ಮಾತ್ರ ಶಾಲೆಯ ಒಲೆಯನ್ನು ನೆಚ್ಚಿಕೊಂಡು, ಒಂಬತ್ತನೆಯ ತರಗತಿಯ ಮೊಮ್ಮಗಳು ಲಲಿತಾಳನ್ನು ಇಟ್ಟುಕೊಂಡು ಉಳಿದಿದ್ದಳು. ಆ ಕೆಲಸ ಹೋದರೆ ಅಜ್ಜಿ ಮೊಮ್ಮಗಳಿಬ್ಬರೂ ಪುಣೆಯ ಬಸ್ಸು ಹತ್ತಬೇಕು, ಹುಡುಗಿಯ ಓದು ಅಲ್ಲಿಗೆ ಮುಗಿಯುತ್ತದೆ. ಇದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ಫೆಬ್ರವರಿಯಲ್ಲಿ ಶಾಲೆಯ ಬಾವಿ ಬತ್ತಿ, ಆಳದ ಹೊಸ ಬೋರಿನ ನೀರು ಬಂತು. ಆಮೇಲೆ ಮಕ್ಕಳು ತಟ್ಟೆಯಲ್ಲಿ ಬೇಳೆ ಬಿಡತೊಡಗಿದರು. ಮೂವರಿಗೆ ಹೊಟ್ಟೆನೋವು. ಒಂದು ಕಾಳು ಹಿಚುಕಿ ನೋಡಿದೆ, ಕಲ್ಲಿನಂತಿತ್ತು. ಅಷ್ಟೇ ಸಾಕಾಯಿತು ನನಗೆ. ಊಟದ ಸಾಲಿನಲ್ಲಿ ನಿಂತ ಮಕ್ಕಳೆಲ್ಲರೆದುರು ಸುಭದ್ರಾಬಾಯಿಗೆ, ಒಳ್ಳೆಯ ಬೇಳೆ ಮನೆಗೆ ಸಾಗಿಸಿ ಹುಳುಕು ಬೇಳೆ ಹಾಕುತ್ತೀಯಾ, ಕಳ್ಳಿ ಎಂದುಬಿಟ್ಟೆ. ಆಕೆಯನ್ನು ಕೆಲಸದಿಂದ ಬಿಡಿಸಬೇಕೆಂದು ಔರಾದಿನ ಶಿಕ್ಷಣ ಕಚೇರಿಗೆ ಪತ್ರವನ್ನೂ ಬರೆದೆ. ಮರುದಿನದಿಂದ ಲಲಿತಾ ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಪಕ್ಕದಲ್ಲಿ ಯಾರೂ ಕೂಡಲಿಲ್ಲ.

ಎರಡು ದಿನ ಸುಭದ್ರಾಬಾಯಿ ಬರಲಿಲ್ಲ. ತಪ್ಪಿತಸ್ಥಳು ಮುಖ ತಪ್ಪಿಸಿದಳು ಎಂದುಕೊಂಡೆ. ಮೂರನೆಯ ದಿನ ನಾನು ಒಂಬತ್ತನೆಯ ತರಗತಿಯಲ್ಲಿ ಅಯಾನುಗಳ ಪಾಠ ಮಾಡುತ್ತಿದ್ದಾಗ ಮುಖ್ಯೋಪಾಧ್ಯಾಯ ನಿಜಾಮೋದ್ದೀನ ಸಾಹೇಬರು ಬಾಗಿಲಿಗೆ ಬಂದರು. ಹಿಂದೆ ಆಕೆ, ಸೊಂಟದಲ್ಲಿ ಒಂದು ಕೊಡ ನೀರು. ಭಾಲ್ಕಿ ತಾಲೂಕಿನ ಭಾತಂಬ್ರಾ ಆಕೆಯ ತವರು. ಅಲ್ಲಿಯ ಬಾವಿಯಿಂದ ಎರಡು ಬಸ್ಸು ಬದಲಿಸಿ, ಕಂಡಕ್ಟರನ ಬೈಗುಳ ತಿಂದು, ಆ ಕೊಡ ತಂದಿದ್ದಳು.

“ಬ್ಯಾಳಿ ಒಂದೇ ಡಬ್ಬಿದು, ಉರಿನೂ ಒಂದೇ. ನೀರಷ್ಟೇ ಬ್ಯಾರೆ. ನೀವs ನಿಂತು ನೋಡ್ರಿ ಸರ,” ಎಂದಳು.

ಶಾಲೆಯ ಗ್ಯಾಸ್ ಒಲೆಯನ್ನು ತರಗತಿಗೇ ತಂದು ಎರಡು ಪಾತ್ರೆ ಏರಿಸಿದೆವು. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಭಾತಂಬ್ರಾದ್ದು. ಬೇಳೆಯನ್ನು ನನ್ನ ಕೈಯಿಂದಲೇ ಅಳೆಸಿದಳು. ಮುಕ್ಕಾಲು ಗಂಟೆಯಲ್ಲಿ ತವರಿನ ನೀರಿನ ಬೇಳೆ ಸೌಟಿಗೆ ಕರಗಿತು. ಬೋರಿನ ನೀರಿನದು ಕಾಳು ಕಾಳಾಗಿಯೇ ಕುದಿಯುತ್ತಿತ್ತು, ಪಾತ್ರೆಯ ಒಳಮೈಗೆ ಸುಣ್ಣದಂಥ ಬಿಳಿ ಕಟ್ಟಿತ್ತು.

ಆ ಬಿಳಿ ಕಂಡೊಡನೆ ನನಗೆ ಎಲ್ಲ ಹೊಳೆಯಿತು. ಮಕ್ಕಳು ಕಾಯುತ್ತಿದ್ದರು, ಹೇಳಲೇಬೇಕಾಯಿತು. ಆಳದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ತನ್ನ ಎರಡು ಎಲೆಕ್ಟ್ರಾನು ಕೊಟ್ಟು ಅಯಾನಾಗಿರುತ್ತದೆ. ಕೊಟ್ಟಿದ್ದರಿಂದ ಅದಕ್ಕೆ ಧನ ಆವೇಶ. ಕಲ್ಲಿನಿಂದ ನೀರಿಗಿಳಿದ ಆ ಅಯಾನು ಬೇಳೆಯೊಳಗಿನ ಅಂಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇಳೆ ಒಡೆಯುವುದಿಲ್ಲ. ಚಿಟಿಕೆ ಸೋಡಾ ಹಾಕಿದರೆ ಆ ಹಿಡಿತ ಸಡಿಲಾಗುತ್ತದೆ.

ಸುಭದ್ರಾಬಾಯಿ ಪೂರ್ತಿ ಕೇಳಿದಳು. “ಇದೆಲ್ಲ ನಿಮಗ ಮೊದಲs ಗೊತ್ತಿತ್ತೇನ್ರಿ?”

ಗೊತ್ತಿತ್ತು ಎಂದೆ.

“ಹಾಂಗಿದ್ರ ಒಂದಿನ ಅಡಿಗಿ ಮನಿ ತನಕ ಬಂದು ಹೇಳಬೇಕಿಲ್ಲೇನ್ರಿ?”

ಮಕ್ಕಳಿಗಿಂತ ಮೊದಲು ಶಿಕ್ಷಕರು ರುಚಿ ನೋಡಿ ಸಹಿ ಹಾಕಬೇಕೆಂಬ ನಿಯಮವಿದೆ. ನಾನು ಮನೆಯ ಡಬ್ಬಿ ಬಿಚ್ಚಿಕೊಂಡು, ನೋಡದೆಯೇ ಸಹಿ ಹಾಕುತ್ತಿದ್ದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಔರಾದಿನಿಂದ ಇನ್ನೂ ಆದೇಶ ಬಂದಿಲ್ಲ, ಹಿಂದಿನ ಪತ್ರ ತಪ್ಪೆಂದು ಈಗಲೇ ಬರೆದುಕೊಟ್ಟರೆ ಮಧ್ಯಾಹ್ನದ ಬಸ್ಸಿಗೆ ತಾವೇ ಒಯ್ಯುವುದಾಗಿ ಹೇಳಿದರು ನಿಜಾಮೋದ್ದೀನ ಸಾಹೇಬರು. ಮಕ್ಕಳೆದುರೇ ಕುಳಿತು ಬರೆದೆ. ತಪ್ಪು ನೀರಿನದು, ಅದಕ್ಕಿಂತ ಹೆಚ್ಚು ನನ್ನದು, ಸುಭದ್ರಾಬಾಯಿ ಒಂದು ಕಾಳೂ ಮುಟ್ಟಿಲ್ಲ, ರುಚಿ ನೋಡದೆ ಸಹಿ ಮಾಡಿದವನು ನಾನು. ಕಾಗದ ಮಡಿಸಲು ಹೋದರೆ ಆಕೆ ತಡೆದಳು, ತನಗೆ ಓದಲು ಬರುವುದಿಲ್ಲ, ಓದಿ ಹೇಳಿ ಎಂದಳು. ತಲೆ ತಗ್ಗಿಸಿ, ಗಂಟಲಲ್ಲೇ ಓದಿ ಮುಗಿಸಿದೆ.

ಆಕೆ ಸೆರಗು ಸರಿಮಾಡಿಕೊಂಡು, ಕೊನೆಯ ಬೆಂಚಿನಲ್ಲಿ ಒಬ್ಬಳೇ ಕುಳಿತ ಲಲಿತಾಳ ಕಡೆ ನೋಡಿದಳು.

“ಎದ್ದು ನಿಂತು ಇನ್ನೊಮ್ಮಿ ಓದ್ರಿ ಸರ,” ಎಂದಳು. “ಹಿಂದ ಕುಂತವರಿಗಿ ಕೇಳ್ಸಿಲ್ಲ.”