ಪಿಕಳಾರದ ನೆಪ

"ಸದ್ದು ಮಾಡ್ಬೇಡಿ. ತಾಯಿ ಕೂತದೆ," ಎಂದು ಪಾಲಾಕ್ಷ ಸ್ಟೂಲಿನ ಮೇಲೆ ನಿಂತು, ಹಕ್ಕಿಗೂಡಿನ ಕಡೆ ಕತ್ತು ಉದ್ದ ಮಾಡಿ, ಪಿಸುದನಿಯಲ್ಲಿ ಹೇಳಿದ.

ಕೆಳಗೆ ರೇವಮ್ಮ ತುಂಬಿದ ಕೊಡವನ್ನು ಸೊಂಟದಲ್ಲಿ ಇಟ್ಟುಕೊಂಡೇ ನಿಂತಿದ್ದಳು. ಕೊಡ ಇಳಿಸಿಬಿಟ್ಟರೆ ಮಾತಾಡಲೆಂದೇ ನಿಂತ ಹಾಗಾಗುತ್ತದೆ. ಕೊಡ ಹೊತ್ತು ನಿಂತರೆ, ಹೊರಟವಳು ದಾರಿಯಲ್ಲಿ ಒಂದು ಗಳಿಗೆ ತಡೆದಳು, ಅಷ್ಟೆ. ಹಾಗೆಂದುಕೊಂಡು ಅವಳು ಎಷ್ಟೋ ದಿನದಿಂದ ಸೊಂಟ ನೋಯಿಸಿಕೊಳ್ಳುತ್ತಿದ್ದಳು.

"ಮೊಟ್ಟೆ ಒಡೆದವಾ?"

"ತಾಯಿ ಎದ್ರೆ ತಾನೆ ಕಾಣಾದು. ನೋಡಿ ಏಳ್ತೀನಿ, ನಾಳೆ ಬನ್ನಿ."

ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ಆ ಎರಡು ಮನೆಗಳದು ಒಂದೇ ಗೋಡೆ. ರೇವಮ್ಮ ಇದ್ದದ್ದು ಅಣ್ಣ ಚಂದ್ರಶೇಖರಯ್ಯನ ಮನೆಯಲ್ಲಿ. ಅವನದು ಕೊಬ್ಬರಿ ವ್ಯಾಪಾರ. ಅವರ ಬಾವಿಯ ನೀರು ಸವುಳು, ಬೇಳೆ ಬೇಯುತ್ತಿರಲಿಲ್ಲ. ಆದ್ದರಿಂದ ಹಿತ್ತಲ ಗೋಡೆಯ ಸಣ್ಣ ಬಾಗಿಲು ದಾಟಿ, ಪಾಲಾಕ್ಷನ ಮನೆಯ ಬಾವಿಯಿಂದ ಸಿಹಿನೀರು ತರುವುದು ಮೊದಲಿನಿಂದ ನಡೆದುಬಂದಿತ್ತು. ಹದಿನಾರಕ್ಕೆ ಶಾಂತಿಗ್ರಾಮಕ್ಕೆ ಮದುವೆಯಾಗಿ ಹೋಗಿದ್ದ ರೇವಮ್ಮ, ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡ ಮೇಲೆ ಇಪ್ಪತ್ತು ತುಂಬುವ ಮೊದಲೇ ತವರಿಗೆ ಬಂದವಳು. ಅಂದಿನಿಂದ ಆ ನೀರು ತರುವ ಕೆಲಸ ಅವಳದೇ ಆಯಿತು. ಈಗ ಅವಳಿಗೆ ಮೂವತ್ತು ದಾಟಿತ್ತು.

ಪಾಲಾಕ್ಷ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟು. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಅವನು, ಮಂಡಿನೋವಿನ ತಾಯಿ ಸುಬ್ಬಮ್ಮ, ಇಬ್ಬರೇ. ಆ ಖಾಲಿ ಮನೆಯಲ್ಲಿ ಅವನಿಗೊಂದು ಗಿಡದ ಹುಚ್ಚು ಹತ್ತಿತ್ತು. ಸಕಲೇಶಪುರದ ಕಡೆಯಿಂದ ಬರುವ ಡ್ರೈವರುಗಳಿಗೆ ಹೇಳಿ ಸೀತಾಳೆ, ಜರಿಗಿಡ ಅಂತ ಏನೇನೋ ತರಿಸಿ, ಒಡಕು ಮಡಕೆಗೂ ತೆಂಗಿನ ಮಟ್ಟೆಗೂ ನಾರಿನ ಹಗ್ಗ ಕಟ್ಟಿ, ಹಿತ್ತಲ ಪಡಸಾಲೆಯ ಸೂರಿಗೆ ಸಾಲಾಗಿ ತೂಗುಹಾಕಿದ್ದ. ಬೀದಿಯವರು ನಗುತ್ತಿದ್ದರು. ಹೂ ಬಿಡದ ಜರಿಗಿಡಕ್ಕೂ ನೀರು ಹಾಕುವ ಗಂಡಸನ್ನು ಅವರು ಕಂಡಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಒಂದು ಜೋಡಿ ಪಿಕಳಾರ ಹಕ್ಕಿ ಒಂದು ಜರಿಗಿಡದ ಮಡಕೆಗೆ ಬಂದವು. ತಲೆಯ ಮೇಲೆ ಚೂಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಬೊಟ್ಟು. ನಾರು, ಒಣಹುಲ್ಲು, ಎಲ್ಲಿಂದಲೋ ತಂದ ಬಟ್ಟೆಯ ಎಳೆ ಸೇರಿಸಿ ಬಟ್ಟಲಿನಂಥ ಗೂಡು ಕಟ್ಟಿದವು.

ಅದುವರೆಗೆ ರೇವಮ್ಮ ಪಾಲಾಕ್ಷರ ನಡುವೆ ಇದ್ದ ಮಾತು ಒಂದೇ. "ಅಮ್ಮನ ಮಂಡಿ ನೋವು ಎಂಗದೆ, ಪಾಲಾಕ್ಷಣ್ಣ?" "ಅಂಗೇ ಅದೆ." ವರ್ಷಗಟ್ಟಲೆ ಅಷ್ಟೆ. ಗೂಡು ಕಟ್ಟಿದ ಮೇಲೆ ಒಂದು ದಿನ ಪಾಲಾಕ್ಷ ತಾನಾಗಿ ಬಾವಿಕಟ್ಟೆಯ ತನಕ ಬಂದ.

"ಗಿಡಕ್ಕೆ ನೀರು ಉಯ್ದ್ರೆ ಗೂಡು ನೆನೀತದೆ. ಉಯ್ದೆ ಇದ್ರೆ ಗಿಡ ಒಣಗ್ತದೆ. ಏನ್ ಮಾಡಾದು?"

ರೇವಮ್ಮ ಹಗ್ಗ ಹಿಡಿದೇ ಯೋಚಿಸಿದಳು. "ಬಟ್ಟೆ ನೆನ್ಸಿ ಮಡಕೆ ಅಂಚಿಗೆ ಆಕಿ. ನೀರು ತಾನೇ ಇಳೀತದೆ."

ಮರುದಿನ ನೋಡಿದರೆ ಮಡಕೆಯ ಅಂಚಿನಲ್ಲಿ ಹಳೆಯ ಪಂಚೆಯ ಚೂರು ನೇತಾಡುತ್ತಿತ್ತು. ಅವಳಿಗೆ ಯಾಕೋ ಇಡೀ ದಿನ ಹಗುರ ಅನ್ನಿಸಿತು. ಅವಳ ಮಾತನ್ನು ಕೇಳಿ ಯಾರಾದರೂ ಏನಾದರೂ ಮಾಡಿ ಎಷ್ಟು ಕಾಲವಾಗಿತ್ತೋ.

ಮರಿಗಳಾದ ಬೆಳಿಗ್ಗೆ ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ಮೂರವೆ. ನೋಡ್ತೀರಾ?" ಎಂದು ಸ್ಟೂಲಿನಿಂದ ಇಳಿದ. ರೇವಮ್ಮ ಅತ್ತಿತ್ತ ನೋಡಿದಳು. ಪಡಸಾಲೆಯ ಮೂಲೆಯಲ್ಲಿ ಸುಬ್ಬಮ್ಮ ಗೋಡೆಗೊರಗಿ, ಕಣ್ಣು ಮುಚ್ಚಿ ಮಂಡಿ ತಿಕ್ಕಿಕೊಳ್ಳುತ್ತಿದ್ದಳು. ಕೊನೆಗೂ ರೇವಮ್ಮ ಕೊಡ ಇಳಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲು ಹತ್ತಿದಳು. ಪಾಲಾಕ್ಷ ಕೆಳಗೆ ಕೂತು, ಮುಖ ಗೋಡೆಯ ಕಡೆ ತಿರುಗಿಸಿ, ಎರಡು ಕೈಯಲ್ಲೂ ಸ್ಟೂಲಿನ ಕಾಲು ಹಿಡಿದುಕೊಂಡಿದ್ದ. ಗೂಡಿನೊಳಗೆ ಮೂರು ಕೆಂಪು ಬಾಯಿ ಒಟ್ಟಿಗೇ ತೆರೆದುಕೊಂಡವು. ಅವಳಿಗೆ ನಗು ಬಂತು. ಜೋರಾಗಿಯೇ ನಕ್ಕುಬಿಟ್ಟಳು. ತನ್ನ ನಗು ಹೀಗಿರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು.

ಆಮೇಲೆ ಅವಳು ಹತ್ತಲಿಲ್ಲ. ಅವನು ಹತ್ತಿ ಹೇಳುವುದು, ಅವಳು ಕೆಳಗೆ ನಿಂತು ಕೇಳುವುದು. ರೆಕ್ಕೆ ಮೂಡ್ತಾ ಅವೆ. ಒಂದು ಮಾತ್ರ ಪೀಚು, ಮಿಕ್ಕವೆರಡೂ ಅದನ್ನ ತುಳೀತವೆ. ಇವತ್ತು ಗಂಡು ಪಿಕಳಾರ ನನ್ನ ತಲೆ ಕುಕ್ಕೋಕೆ ಬಂತು. ಅಕ್ಕಿ ಆರಿಸುವಾಗ, ಬೆರಣಿ ತಟ್ಟುವಾಗ, ಆ ಮಾತುಗಳನ್ನೇ ಅವಳು ಒಂದೊಂದಾಗಿ ನೆನೆಯುತ್ತಿದ್ದಳು. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿದರೆ, ಈಗ ಅವನು ಹಾಸನದ ಬಸ್ಸಿಗೆ ಜನ ಹತ್ತಿಸುತ್ತಿರಬೇಕು ಅಂದುಕೊಳ್ಳುತ್ತಿದ್ದಳು.

ಮರಿಗಳು ಹಾರಿದ್ದನ್ನು ಅವಳೇ ಕಂಡಳು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ತಮ್ಮ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಗೋಡೆಯಾಚೆಯಿಂದ ಮರಿಯೊಂದು ಬಿದ್ದೆನೋ ಎದ್ದೆನೋ ಎಂಬಂತೆ ಬಂದು ನುಗ್ಗೆಮರದ ಕೊಂಬೆಗೆ ಅಂಟಿಕೊಂಡಿತು. ಹಿಂದೆಯೇ ಇನ್ನೊಂದು. ಪೀಚುಮರಿ ದಾಸವಾಳದ ಪೊದೆಯಲ್ಲಿ ಬಿದ್ದು, ತಾಯಿ ಕೂಗಿ ಕೂಗಿ ಕರೆದ ಮೇಲೆ ಅದೂ ಹಾರಿತು. ಬಿಸಿಲು ಬರುವಷ್ಟರಲ್ಲಿ ಒಂದೂ ಇರಲಿಲ್ಲ. ರೇವಮ್ಮನಿಗೆ ಖುಷಿಯಾಗಬೇಕಿತ್ತು. ಇನ್ನು ಏನು ಕೇಳುವುದು ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಮತ್ತೆ ಅಮ್ಮನ ಮಂಡಿನೋವು.

ಕೊಡ ತುಂಬಿಕೊಂಡು ಪಡಸಾಲೆಯ ಹತ್ತಿರ ಬಂದಾಗ ಪಾಲಾಕ್ಷ ಸ್ಟೂಲಿನ ಮೇಲೆ ನಿಂತಿದ್ದ. ಗೂಡಿನೊಳಗೆ ನೋಡುತ್ತಿದ್ದ. ಬಹಳ ಹೊತ್ತು ನೋಡಿದ.

"ಏನ್ ಮಾಡ್ತಾವೆ?" ಎಂದಳು, ಗೊತ್ತಿದ್ದೂ ಗೊತ್ತಿಲ್ಲದವಳಂತೆ.

ಅವನು ತಿರುಗಲಿಲ್ಲ. "ಮಲಗವೆ," ಎಂದ.

ಅವಳು ಸೊಂಟದ ಕೊಡವನ್ನು ಸರಿಮಾಡಿಕೊಂಡಳು. "ಮೂರೂನಾ?"

"ಮೂರೂವೆ."

ಅಂದಿನಿಂದ ಆ ಖಾಲಿ ಗೂಡಿನಲ್ಲಿ ಮರಿಗಳು ಬೆಳೆದವು. ಪೀಚುಮರಿ ಕೊಬ್ಬಿತು. ದೊಡ್ಡದಕ್ಕೆ ಜುಟ್ಟು ಬಂತು. ಒಂದು ದಿನ ಮಿಡತೆಗಾಗಿ ಮೂರಕ್ಕೂ ಜಗಳವಾಯಿತು. ಪಾಲಾಕ್ಷ ಸ್ಟೂಲು ಹತ್ತಿ, ಖಾಲಿ ಮಡಕೆ ನೋಡಿಕೊಂಡು, ಒಂದೊಂದನ್ನೇ ಹೇಳುತ್ತಿದ್ದ. ರೇವಮ್ಮ ಕೇಳುತ್ತಿದ್ದಳು, ನಡುವೆ ಪ್ರಶ್ನೆ ಹಾಕುತ್ತಿದ್ದಳು. ತನಗೆ ಗೊತ್ತಿರುವುದು ಅವನಿಗೆ ಗೊತ್ತೋ ಇಲ್ಲವೋ ಎಂಬುದು ಅವಳಿಗೆ ತಿಳಿಯಲಿಲ್ಲ. ತಿಳಿಯುವುದೂ ಬೇಡವಾಗಿತ್ತು.

ಅದನ್ನು ಮುರಿದವಳು ಸುಬ್ಬಮ್ಮ. ಮುದುಕಿಗೆ ಕಿವಿ ಮಂದ, ದನಿ ಜೋರು. ಒಂದು ಬೆಳಿಗ್ಗೆ ಮಗ ಸ್ಟೂಲು ಎಳೆಯುತ್ತಿದ್ದಂತೆ ಮೂಲೆಯಿಂದ ಕೂಗಿದಳು:

"ಅದೇನ್ಲಾ ದಿನಾ ಅತ್ತಿ ಅತ್ತಿ ನೋಡಾದು? ಮರಿ ಆರಿ ಓಗಿ ಯಾವ ಕಾಲ ಆಯ್ತು!"

ಪಾಲಾಕ್ಷ ಸ್ಟೂಲಿನ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತ. ಅವನ ಕಿವಿ ಕೆಂಪಾಯಿತು. ರೇವಮ್ಮ ನೆಲ ನೋಡಿದಳು.

"ನಂಗೊತ್ತು. ಆರಿದ್ ದಿನವೇ ನೋಡ್ದೆ," ಎಂದಳು.

"ಮತ್ತೆ ದಿನಾ ಕೇಳ್ತಿದ್ರಲ್ಲ?"

"ನೀವ್ ಏಳ್ತಿದ್ರಲ್ಲ."

ಅಷ್ಟು ಹೇಳಿ ಅವಳು ಸಣ್ಣ ಬಾಗಿಲು ದಾಟಿ ಬಂದುಬಿಟ್ಟಳು. ದಾಟಿದ ಕಡೆ ಅತ್ತಿಗೆ ಕಮಲಾಕ್ಷಮ್ಮ ನಿಂತಿದ್ದಳು.

ಕಮಲಾಕ್ಷಮ್ಮ ಕೆಟ್ಟವಳಲ್ಲ. ರೇವಮ್ಮ ಬರಿಗೈಯಲ್ಲಿ ತವರಿಗೆ ಬಂದ ದಿನದಿಂದ ಅವಳೆದುರು ಅತ್ತಿಗೆ ಎಂದೂ ಹೂ ಮುಡಿದಿರಲಿಲ್ಲ. ಹಿತ್ತಲಿಗೆ ಹೋಗಿ ಮುಡಿದು, ಸೆರಗು ಹೊದ್ದು ಬರುತ್ತಿದ್ದಳು. ಆದರೆ ಅವಳಿಗೂ ಮದುವೆಯ ವಯಸ್ಸಿಗೆ ಬಂದ ಮಗಳಿದ್ದಳು. ಕೊಡ ಇಸಿದುಕೊಂಡು ಮೆಲ್ಲನೆ ಹೇಳಿದಳು:

"ಮೊದ್ಲು ಪಾಲಾಕ್ಷಣ್ಣ ಅಂತಿದ್ದೆ. ಈಗ ಅಣ್ಣ ಅನ್ನಾದ ಬಿಟ್ಬುಟ್ಟಿದ್ದೀಯ. ಬೀದಿಯೋರಿಗೂ ಕಿವಿ ಅದೆ, ರೇವಿ. ನಾಳಿಂದ ನೀರಿಗೆ ನಾನೇ ಓಗ್ತೀನಿ."

ಬಿಟ್ಟದ್ದು ನಿಜ. ಯಾವತ್ತು ಬಿಟ್ಟಳೋ ರೇವಮ್ಮನಿಗೇ ಗೊತ್ತಾಗಿರಲಿಲ್ಲ.

ಮಾರನೆಯ ದಿನದಿಂದ ಬೆಳಿಗ್ಗೆ ಗೋಡೆಯಾಚೆ ರಾಟೆ ಕಿರುಗುಡುವುದು ಕೇಳುತ್ತಿತ್ತು. ಅತ್ತಿಗೆ ಎಳೆದರೆ ಒಂದು ಸದ್ದು, ಅವನು ಎಳೆದರೆ ಇನ್ನೊಂದು. ಅವಳು ಒಲೆಯ ಮುಂದೆ ಕೂತು ಬೇರೆಮಾಡಿ ಕೇಳುತ್ತಿದ್ದಳು. ಅನ್ನ ಬಡಿಸಿಕೊಂಡು ಎರಡು ತುತ್ತಿಗೆ ಎದ್ದುಬಿಡುತ್ತಿದ್ದಳು. ಬಳೆಯಿಲ್ಲದ ಕೈಯನ್ನು ಒಮ್ಮೊಮ್ಮೆ ಸುಮ್ಮನೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಸತ್ತ ಗಂಡನ ಮುಖವನ್ನು ನೆನಪಿಗೆ ತಂದುಕೊಳ್ಳಲು ಯತ್ನಿಸಿದರೆ ಅವನ ಕೆಮ್ಮು ನೆನಪಾಗುತ್ತಿತ್ತೇ ಹೊರತು ಮುಖ ಬರುತ್ತಿರಲಿಲ್ಲ. ಅದಕ್ಕಾಗಿ ಅತ್ತಳು. ಅತ್ತದ್ದು ಅದಕ್ಕೇ ಅಂತ ತನಗೆ ತಾನೇ ಹೇಳಿಕೊಂಡಳು.

"ಆ ಯಪ್ಪ ನನ್ನ ಕಂಡ್ರೆ ಒಳೀಕೆ ಓಗ್ಬುಡ್ತಾನೆ," ಎಂದು ಕಮಲಾಕ್ಷಮ್ಮ ಒಂದು ದಿನ ಕೊಡ ಇಳಿಸುತ್ತ ಹೇಳಿದಳು. "ಮಕ ನೋಡಾಕಾಗಲ್ಲ ಕಣೆ." ರೇವಮ್ಮ ಬೆಂಕಿ ಮುಂದಕ್ಕೆ ತಳ್ಳಿದಳು. ಅತ್ತಿಗೆ ಅವಳ ಸೊರಗಿದ ಕುತ್ತಿಗೆಯನ್ನೇ ನೋಡಿದಳು.

ಒಂದು ಸೋಮವಾರ ಪೂಜೆ ಮುಗಿದು ವಿಭೂತಿ ಒಣಗುವ ಮೊದಲೇ ಬೀದಿಬಾಗಿಲಲ್ಲಿ "ಶರಣು" ಎಂಬ ದನಿ ಕೇಳಿತು. ಹಿತ್ತಲಿಂದ ಹಿತ್ತಲಿಗೆ ಓಡಾಡಿದ ಜನ ಬೀದಿಬಾಗಿಲಿಗೆ ಬಂದಿದ್ದರು. ಸುಬ್ಬಮ್ಮ ಮಗನ ಹೆಗಲು ಹಿಡಿದು, ಮಂಡಿ ನೋವಿಗೆ ಹಲ್ಲು ಕಚ್ಚಿ, ಮೆಟ್ಟಿಲು ಹತ್ತುತ್ತಿದ್ದಳು. ಚಂದ್ರಶೇಖರಯ್ಯ ಗಾಬರಿಯಿಂದ ಎದ್ದು ಚಾಪೆ ಹಾಸಿದ.

ಮುದುಕಿಯ ದನಿ ಅಡಿಗೆಮನೆಗೆ ಒಂದಕ್ಷರ ಬಿಡದೆ ಕೇಳಿತು. "ಸುತ್ತು ಬಳಸಿ ಮಾತಾಡಾಕೆ ನಂಗೆ ಬರಾಕಿಲ್ಲ ಕಣಪ್ಪ. ನಿನ್ ತಂಗೀನ ನನ್ ಮಗಂಗೆ ಕೂಡಾವಳಿ ಮಾಡ್ಕೊಡು. ನಮ್ಮಲ್ಲಿ ಇಲ್ದಿದ್ದಲ್ಲ. ನಮ್ ದೊಡ್ಡವ್ವನೂ ಗಂಡ ಸತ್ಮೇಲೆ ಅಂಗೇ ಇನ್ನೊಂದ್ ಮನೆ ತುಂಬಿದೋಳು."

ಆಮೇಲೆ ಅಣ್ಣನ ದನಿ: "ಮನೇಲಿ ಮಗಳವಳೆ. ಇಂಥದ್ದಾಯ್ತು ಅಂದ್ರೆ ಅವಳ್ನ ಕೇಳೋರು ಇಂದೆ ಮುಂದೆ ನೋಡ್ತಾರೆ."

"ಮೊದ್ಲು ಮಗಳ್ದು ಮುಗೀಲಿ. ನಾನು ಕಾಯ್ತೀನಿ," ಎಂದ ಪಾಲಾಕ್ಷ. ಅಷ್ಟು ಹೊತ್ತಿನಲ್ಲಿ ಅವನಾಡಿದ್ದು ಅದೊಂದೇ ಮಾತು.

ಒಲೆಯ ಮುಂದೆ ರೇವಮ್ಮ ಮಂಡಿ ಅಪ್ಪಿಕೊಂಡು ಕೂತಿದ್ದಳು. ಹಾಲು ಉಕ್ಕಿ ಕೆಂಡಕ್ಕೆ ಬಿದ್ದು ಚುರ್ರೆಂದಾಗ ಕಮಲಾಕ್ಷಮ್ಮನೇ ಪಾತ್ರೆ ಇಳಿಸಿದಳು. ಕೊನೆಗೆ ಚಂದ್ರಶೇಖರಯ್ಯ ನಡುಮನೆಯಿಂದ ಕರೆದ.

"ಕಮಲಾಕ್ಷಿ, ಕಾಫಿ ತಗಂಬಾ."

ಕಮಲಾಕ್ಷಮ್ಮ ಲೋಟಗಳನ್ನು ತಟ್ಟೆಯಲ್ಲಿಟ್ಟು ಕಾಫಿ ಬಗ್ಗಿಸಿದಳು. ತಟ್ಟೆ ಎತ್ತಿಕೊಂಡು ಬಾಗಿಲ ತನಕ ಹೋದಳು. ಅಲ್ಲಿ ನಿಂತಳು. ಹಿಂದಕ್ಕೆ ಬಂದು, ರೇವಮ್ಮನ ರಟ್ಟೆ ಹಿಡಿದು ಎಬ್ಬಿಸಿ, ಕೆನ್ನೆಗೆ ಮೆತ್ತಿದ್ದ ಬೂದಿಯನ್ನು ತನ್ನ ಸೆರಗಿನಲ್ಲಿ ಒರೆಸಿದಳು. ತಟ್ಟೆಯನ್ನು ಅವಳ ಕೈಗಿಟ್ಟಳು.

"ನೀನೇ ಓಗು," ಎಂದಳು.

ನಡುಮನೆಯ ಹೊಸ್ತಿಲ ಈಚೆ ರೇವಮ್ಮ ಒಂದು ಗಳಿಗೆ ನಿಂತಳು. ಚಾಪೆಯ ತುದಿ, ಅದರ ಮೇಲೆ ಮಡಚಿಟ್ಟ ಪಾಲಾಕ್ಷನ ಎರಡು ಕಾಲು ಮಾತ್ರ ಅವಳಿಗೆ ಕಾಣುತ್ತಿತ್ತು. ಲೋಟಗಳಿಂದ ಹಬೆ ಏಳುತ್ತಿತ್ತು.